ನೋಯದ ಕಿವಿಯ ಕಷ್ಟ

ಆಗುಂಬೆ ಘಾಟಿಯಲ್ಲಿ ಬಸ್ಸು ತಿರುವು ತಿರುವಾಗಿ ಹತ್ತುವಾಗ ಕಿವಿ ಕಟ್ಟಿಕೊಳ್ಳುತ್ತದೆ ಅಲ್ವಾ? ಪಕ್ಕದಲ್ಲಿ ಕೂತವರ ಮಾತು ದೂರ ಹೋಗುತ್ತದೆ. ಉಗುಳು ನುಂಗಿದರೆ, ಇಲ್ಲವೇ ಒಮ್ಮೆ ಆಕಳಿಸಿದರೆ, ಟಪ್ ಅಂತ ಬಿಟ್ಟುಕೊಳ್ಳುತ್ತದೆ. ಒಳಗೆ ಒಂದು ಸಣ್ಣ ನಾಳ ತೆರೆದುಕೊಂಡ ಸದ್ದು ಅದು. ಕಿವಿ ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಜಾಗ ಇದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಹೋಗುವ ನಾಳಕ್ಕೆ ಯೂಸ್ಟೇಶಿಯನ್ ನಾಳ ಅಂತ ಹೆಸರು. 16ನೇ ಶತಮಾನದಲ್ಲಿ ಅದನ್ನು ವಿವರವಾಗಿ ಬರೆದಿಟ್ಟ ಇಟಲಿಯ ವೈದ್ಯ ಬಾರ್ತೊಲೊಮಿಯೊ ಯೂಸ್ಟಾಕಿಯಿಂದ ಬಂದ ಹೆಸರು. ದೊಡ್ಡವರಲ್ಲಿ ಇದರ ಉದ್ದ ಸುಮಾರು 3.5 ಸೆಂಟಿಮೀಟರ್. ನಾವು ನುಂಗಿದಾಗಲೆಲ್ಲ ಅದು ಒಂದು ಕ್ಷಣ ಬಾಯಿ ಬಿಟ್ಟು, ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕೆ ಸರಿ ಮಾಡುತ್ತದೆ.

ಘಾಟಿಯಲ್ಲಿ ಕಟ್ಟಿದ ಕಿವಿ ಶಿವಮೊಗ್ಗ ಸೇರುವಷ್ಟರಲ್ಲಿ ಸರಿಯಾಗಿರುತ್ತದೆ. ಅದು ತಿಂಗಳುಗಟ್ಟಲೆ ಬಿಡದೇ ಹೋದರೆ? ಅದೂ ಐದು ವರ್ಷದ ಮಗುವಿಗೆ, ತನ್ನ ಕಿವಿ ಕಟ್ಟಿದೆ ಅನ್ನುವುದೇ ಗೊತ್ತಿಲ್ಲದ ವಯಸ್ಸಿನಲ್ಲಿ?

ನನ್ನ ಮಗಳಿಗೆ ಆದದ್ದು ಇದೇ. ಕಿವಿ ನೋವು ಅಂತ ಅವಳು ಒಂದು ದಿನವೂ ಅತ್ತವಳಲ್ಲ. ಕಿವಿ ಸೋರಲಿಲ್ಲ, ಜ್ವರ ಬರಲಿಲ್ಲ. ಟಿವಿ ಸದ್ದು ಜಾಸ್ತಿ ಮಾಡುತ್ತಿದ್ದಳು. ಕರೆದರೆ ಒಮ್ಮೊಮ್ಮೆ ಓಡಿ ಬರುತ್ತಿದ್ದಳು, ಒಮ್ಮೊಮ್ಮೆ ತಿರುಗಿಯೂ ನೋಡುತ್ತಿರಲಿಲ್ಲ. ರಾತ್ರಿ ಬಾಯಿ ತೆರೆದುಕೊಂಡು ಮಲಗಿ ಗೊರಕೆ ಹೊಡೆಯುತ್ತಿದ್ದಳು. ಶಾಲೆಯಲ್ಲಿ ಉಕ್ತಲೇಖನ ಕೊಟ್ಟರೆ 'ಕಾಲು' ಇದ್ದಲ್ಲಿ 'ಹಾಲು' ಬರೆದು ಬರುತ್ತಿದ್ದಳು. "ಹುಡುಗಿ ಚುರುಕಿದ್ದಾಳೆ, ಆದರೆ ಗಮನ ಇಲ್ಲ" ಅಂತ ಶಾಲೆಯಿಂದ ಹೇಳಿ ಕಳಿಸಿದರು. ನಮ್ಮತ್ತೆಗೆ ಮಾತ್ರ ಬೇರೆ ಅನುಮಾನ. "ಅವಳು ನನ್ನ ಮುಖ ನೋಡ್ತಾ ಇದ್ರೆ ಎಲ್ಲಾ ಕೇಳುತ್ತೆ ಕಣಮ್ಮ, ಬೆನ್ನು ತಿರುಗಿಸಿದ್ರೆ ಏನೂ ಕೇಳಲ್ಲ. ಒಂದ್ಸಲ ಕಿವಿ ತೋರಿಸಿ" ಅಂದರು. ಆ ಮಾತು ಹೇಳಿದ್ದು ಅವರೇ, ಇನ್ಯಾರೂ ಅಲ್ಲ. ಅದಕ್ಕಾಗಿ ಅವರಿಗೆ ನಾನು ಯಾವತ್ತೂ ಋಣಿ.

ಮಗಳಿಗೆ ಆಗಿದ್ದನ್ನು ವೈದ್ಯರು ಗ್ಲೂ ಇಯರ್ ಅನ್ನುತ್ತಾರೆ. ತಮಟೆಯ ಹಿಂದೆ ಗಾಳಿ ಇರಬೇಕಾದ ಜಾಗದಲ್ಲಿ ದ್ರವ ತುಂಬಿಕೊಳ್ಳುತ್ತದೆ. ಮೊದಲು ನೀರಾಗಿರುವ ಅದು ಬರುಬರುತ್ತಾ ಗಟ್ಟಿಯಾಗಿ ಅಂಟಂಟಾಗುತ್ತದೆ. ಮಕ್ಕಳಲ್ಲಿ ಯೂಸ್ಟೇಶಿಯನ್ ನಾಳ ಗಿಡ್ಡ, ಸಪೂರ, ಮತ್ತು ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿರುತ್ತದೆ. ದೊಡ್ಡವರಲ್ಲಿ ಇಳಿಜಾರಾಗಿರುತ್ತದೆ. ಅದರ ಬಾಯಿ ಪಕ್ಕದಲ್ಲೇ, ಮೂಗಿನ ಹಿಂದೆ, ಅಡಿನಾಯ್ಡ್ ಅನ್ನುವ ಗ್ರಂಥಿ ಇದೆ. ನೆಗಡಿ ಬಂದರೆ ಎಲ್ಲ ಊದಿಕೊಂಡು ನಾಳ ಮುಚ್ಚುತ್ತದೆ. ಒಳಗೆ ಉಳಿದ ಗಾಳಿಯನ್ನು ಅಲ್ಲಿನ ಪೊರೆ ನಿಧಾನವಾಗಿ ಹೀರಿಕೊಳ್ಳುತ್ತದೆ. ಹೊಸ ಗಾಳಿ ಬರುವುದಿಲ್ಲ. ಒತ್ತಡ ಇಳಿಯುತ್ತದೆ, ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ಸುತ್ತಲಿನ ಪೊರೆಯಿಂದ ದ್ರವ ಜಿನುಗುತ್ತದೆ.

ಶಬ್ದ ಒಳಗೆ ಹೋಗಬೇಕಾದರೆ ತಮಟೆ ಅಲುಗಬೇಕು. ಅದರ ಹಿಂದಿನ ಮೂರು ಮೂಳೆಗಳೂ ಅಲುಗಬೇಕು. ಸುತ್ತಿಗೆ, ಅಡಿಗಲ್ಲು, ರಿಕಾಪು ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅವೇ. ರಿಕಾಪು ನಮ್ಮ ಮೈಯಲ್ಲೇ ಅತಿ ಚಿಕ್ಕ ಮೂಳೆ, ಸುಮಾರು 3 ಮಿಲಿಮೀಟರ್. ಇವೆಲ್ಲ ಅಂಟು ದ್ರವದಲ್ಲಿ ಮುಳುಗಿದರೆ ಅಲುಗಾಟ ಕಮ್ಮಿ. ಸಾಮಾನ್ಯವಾಗಿ 20ರಿಂದ 30 ಡೆಸಿಬೆಲ್‌ನಷ್ಟು ಕೇಳಿಸುವುದು ಕುಗ್ಗುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ. ಪಿಸುಮಾತು ಸುಮಾರು 30 ಡೆಸಿಬೆಲ್, ಮಾಮೂಲಿ ಮಾತು ಸುಮಾರು 60. ಎದುರು ಕೂತು ಮಾತಾಡಿದರೆ ಮಗುವಿಗೆ ಕೇಳಿಸುತ್ತದೆ. ಆದರೆ ಕ, ತ, ಪ, ಸ ಇಂಥ ಸದ್ದುಗಳಲ್ಲಿ ಬಲ ಕಮ್ಮಿ. ನಲವತ್ತು ಮಕ್ಕಳಿರುವ ತರಗತಿಯ ಹಿಂದಿನ ಬೆಂಚಿಗೆ, ಫ್ಯಾನಿನ ಸದ್ದಿನ ನಡುವೆ, ಅವು ಮುಟ್ಟುವುದಿಲ್ಲ. ಮಗು ಪದದ ಅರ್ಧ ಕೇಳಿ ಉಳಿದರ್ಧ ಊಹಿಸುತ್ತದೆ. ದಿನವಿಡೀ ಹೀಗೆ ಊಹಿಸುವುದು ಎಷ್ಟು ಆಯಾಸ ಅಂತ ಯೋಚಿಸಿ.

ಇದರಲ್ಲಿ ನನಗೆ ತುಂಬಾ ಸಂಕಟ ಕೊಡುವ ವಿಷಯ ಒಂದಿದೆ. ಈ ಮಂದ ಕಿವಿ ಒಂದೇ ಥರ ಇರುವುದಿಲ್ಲ. ನೆಗಡಿ ಇದ್ದ ವಾರ ಜಾಸ್ತಿ, ಆಮೇಲೆ ಕಮ್ಮಿ. ಒಂದು ದಿನ ಅಡುಗೆಮನೆಯಿಂದ ಕರೆದರೂ ಕೇಳುತ್ತದೆ, ಇನ್ನೊಂದು ದಿನ ಪಕ್ಕದಲ್ಲೇ ನಿಂತು ಹೇಳಿದರೂ ಇಲ್ಲ. ಹಾಗಾಗಿಯೇ ದೊಡ್ಡವರು "ಬೇಕಾದಾಗ ಕೇಳುತ್ತೆ, ಬೇಡದಾಗ ಕೇಳಲ್ಲ" ಅನ್ನುವ ತೀರ್ಮಾನಕ್ಕೆ ಬರುತ್ತಾರೆ. ಮಗುವಿನ ಮೇಲೆ ಹಟಮಾರಿ, ಸೋಮಾರಿ, ದಡ್ಡಿ ಅನ್ನುವ ಹೆಸರು ಕೂರುತ್ತದೆ. ಕಿವಿಯೊಳಗಿನ ದ್ರವ ಒಂದು ದಿನ ಹೋಗುತ್ತದೆ. ಆ ಹೆಸರು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಮೊದಲು ತೋರಿಸಿದ ಕಡೆ ಕಿವಿಗೆ ಟಾರ್ಚ್ ಬಿಟ್ಟು ನೋಡಿ, ಅಲರ್ಜಿ ಸಿರಪ್ ಬರೆದುಕೊಟ್ಟರು. ಮುಗಿದ ಮೇಲೆ ಮತ್ತೊಂದು ಬಾಟಲಿ. ಆಮೇಲೆ ಆಂಟಿಬಯಾಟಿಕ್. ಕಿವಿ ಎಷ್ಟು ಕೇಳುತ್ತದೆ ಅಂತ ಯಾರೂ ಅಳೆಯಲಿಲ್ಲ. ಗ್ಲೂ ಇಯರ್‌ಗೆ ಅಲರ್ಜಿ ಔಷಧಿ, ಮೂಗು ಕಟ್ಟಿದ್ದನ್ನು ಬಿಡಿಸುವ ಔಷಧಿ, ಆಂಟಿಬಯಾಟಿಕ್, ಸ್ಟೀರಾಯ್ಡ್ ಯಾವುದೂ ಗಟ್ಟಿಯಾಗಿ ಕೆಲಸ ಮಾಡುವುದಿಲ್ಲ ಅಂತ ದೊಡ್ಡ ದೊಡ್ಡ ವೈದ್ಯ ಸಂಘಟನೆಗಳ ಮಾರ್ಗಸೂಚಿಗಳೇ ಹೇಳುತ್ತವೆ. ಆದರೂ ನಮ್ಮಲ್ಲಿ ಬಾಟಲಿ ಬರೆಯುವುದು ನಿಂತಿಲ್ಲ. ಬರಿಗೈಯಲ್ಲಿ ಕಳಿಸಿದರೆ ಅಪ್ಪ ಅಮ್ಮಂದಿರಿಗೆ ಸಮಾಧಾನ ಆಗುವುದಿಲ್ಲ ಅನ್ನುವುದೂ ಒಂದು ಕಾರಣ ಇರಬಹುದು.

ಮೈಸೂರಿನಲ್ಲಿರುವ ನಮಗೆ ಒಂದು ಅದೃಷ್ಟ ಇದೆ. ಮಾನಸಗಂಗೋತ್ರಿ ಪಕ್ಕದಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಸಾಕು. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ದೇಶದ ಎಷ್ಟೋ ಕಡೆಗಳಿಂದ ಮಕ್ಕಳನ್ನು ಕರೆದುಕೊಂಡು ಬಂದವರು ಅಲ್ಲಿನ ಮೊಗಸಾಲೆಯಲ್ಲಿ ಕೂತಿರುತ್ತಾರೆ.

ಪರೀಕ್ಷೆ ಅಂದರೆ ಮಗು ಹೆದರುತ್ತದೆ ಅಂದುಕೊಂಡಿದ್ದೆ. ಹೆದರುವಂಥದ್ದು ಏನೂ ಇರಲಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಬೀಪ್ ಕೇಳಿದಾಗಲೆಲ್ಲ ಒಂದು ಬಳೆಯನ್ನು ಕಡ್ಡಿಗೆ ಹಾಕು ಅಂದರು. ಅವಳಿಗೆ ಅದು ಆಟ. ಗಾಜಿನ ಕಿಟಕಿಯ ಈಚೆ ನಿಂತ ನನಗೆ ಮಾತ್ರ, ಬೀಪ್ ಹೊರಟ ದೀಪ ಹೊತ್ತಿಕೊಂಡರೂ ಅವಳ ಕೈ ಅಲುಗದೇ ಇದ್ದದ್ದು ಕಾಣುತ್ತಿತ್ತು. ಆಮೇಲೆ ಟಿಂಪನೋಮೆಟ್ರಿ. ಕಿವಿ ತೂತಿಗೆ ಒಂದು ಮೆತ್ತನೆಯ ರಬ್ಬರ್ ತುದಿ ಇಟ್ಟು, ಗಾಳಿಯ ಒತ್ತಡ ಹೆಚ್ಚುಕಮ್ಮಿ ಮಾಡಿ, ತಮಟೆ ಎಷ್ಟು ಅಲುಗುತ್ತದೆ ಅಂತ ನೋಡುತ್ತಾರೆ. ಕೆಲವೇ ಸೆಕೆಂಡ್‌ಗಳ ಕೆಲಸ. ಸರಿಯಾಗಿರುವ ಕಿವಿಯ ಗ್ರಾಫ್ ನಡುವಿನಲ್ಲಿ ಮೇಲೆದ್ದು ಇಳಿಯುತ್ತದೆ. ಮಗಳ ಎರಡೂ ಕಿವಿಯ ಗೆರೆ ಮಟ್ಟಸವಾಗಿತ್ತು. ಅದಕ್ಕೆ 'ಬಿ' ಟೈಪ್ ಅನ್ನುತ್ತಾರೆ. ಒಳಗೆ ದ್ರವ ಇದೆ ಅನ್ನುವುದಕ್ಕೆ ಒಳ್ಳೆಯ ಸುಳಿವು.

ಅಲ್ಲಿ ಕೂಡಲೇ ಆಪರೇಷನ್ ಅನ್ನಲಿಲ್ಲ. ಮೂರು ತಿಂಗಳು ಕಾಯೋಣ ಅಂದರು. ಶಾಲೆ ಸೇರುವಷ್ಟರಲ್ಲಿ ಬಹುಪಾಲು ಮಕ್ಕಳಿಗೆ ಒಮ್ಮೆಯಾದರೂ ಹೀಗೆ ದ್ರವ ತುಂಬಿ, ಯಾರ ಗಮನಕ್ಕೂ ಬಾರದೆ, ತಾನಾಗಿ ಇಳಿದುಹೋಗಿರುತ್ತದೆ. ಅದಕ್ಕೇ ಕಾಯುವುದು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ಮೂರು ವರ್ಷದೊಳಗಿನ ಮಕ್ಕಳಲ್ಲಿ ಕೆಲವರಿಗೆ ಕೂಡಲೇ ಆಪರೇಷನ್ ಮಾಡಿ ತಮಟೆಯಲ್ಲಿ ಒಂದು ಪುಟ್ಟ ಟ್ಯೂಬ್ ಹಾಕಿದರು. ಉಳಿದವರಿಗೆ ಒಂಬತ್ತು ತಿಂಗಳವರೆಗೂ ಕಾದು, ಆಮೇಲೂ ದ್ರವ ಉಳಿದಿದ್ದರೆ ಮಾತ್ರ ಹಾಕಿದರು. ಮಕ್ಕಳಿಗೆ 9ರಿಂದ 11 ವರ್ಷ ಆದಾಗ ಅವರ ಓದು, ಮಾತು, ನಡವಳಿಕೆ ನೋಡಿದರೆ ಎರಡೂ ಗುಂಪಿನ ನಡುವೆ ವ್ಯತ್ಯಾಸ ಇರಲಿಲ್ಲ. 2007ರಲ್ಲಿ ಪ್ರಕಟವಾದ ಫಲಿತಾಂಶ ಇದು. ಬೇರೆ ತೊಂದರೆ ಇಲ್ಲದ ಮಕ್ಕಳ ವಿಷಯ ಇದು ಅನ್ನುವುದನ್ನು ಮರೆಯಬಾರದು. ಸೀಳು ಅಂಗುಳ ಇರುವ ಮಕ್ಕಳು, ಡೌನ್ ಸಿಂಡ್ರೋಮ್ ಇರುವ ಮಕ್ಕಳು, ಈಗಾಗಲೇ ಮಾತು ತಡವಾಗಿರುವ ಮಕ್ಕಳು, ದೃಷ್ಟಿ ಕಮ್ಮಿ ಇರುವ ಮಕ್ಕಳು, ಇವರ ಲೆಕ್ಕವೇ ಬೇರೆ. ಅವರಿಗೆ ಮೂರು ತಿಂಗಳು ಕಾಯಲೇಬೇಕು ಅಂತಿಲ್ಲ.

ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ನಾನು ಇಷ್ಟೆಲ್ಲ ಬರೆಯಲು ಕೂತದ್ದೇ ಈ ಮಾತಿಗಾಗಿ. ಆ ಮೂರು ತಿಂಗಳೂ ಮಗು ಬದುಕುತ್ತಿರುತ್ತದೆ, ಕಲಿಯುತ್ತಿರುತ್ತದೆ. ರಿಪೋರ್ಟಿನ ಜೆರಾಕ್ಸ್ ತೆಗೆದುಕೊಂಡು ಹೋಗಿ ಅವಳ ಟೀಚರ್ ಕೈಗೆ ಕೊಟ್ಟೆ. ಅವರು ಮರುದಿನವೇ ಅವಳನ್ನು ಮೊದಲ ಬೆಂಚಿಗೆ ತಂದರು. ಬೋರ್ಡ್ ಕಡೆ ತಿರುಗಿ ಹೇಳುವುದನ್ನು ಬಿಟ್ಟು, ಮಕ್ಕಳ ಕಡೆ ತಿರುಗಿ ಹೇಳತೊಡಗಿದರು. ಮನೆಯಲ್ಲಿ ನಾವು ಟಿವಿ ಆರಿಸಿ ಮಾತಾಡಿದೆವು. ಹೆಸರು ಕರೆದು, ಅವಳು ತಿರುಗಿದ ಮೇಲೆ ವಿಷಯ ಹೇಳಿದೆವು. ಕಿರುಚುವ ಅಗತ್ಯ ಇರಲಿಲ್ಲ, ಹತ್ತಿರ ಹೋದರೆ ಸಾಕಿತ್ತು. ಮೂಗಿನಿಂದ ಬಲೂನ್ ಊದಿಸುವ ಒಂದು ವಿಧಾನವೂ ಇದೆ. ಊದಿದಾಗ ಗಾಳಿ ಯೂಸ್ಟೇಶಿಯನ್ ನಾಳದೊಳಗೆ ನುಗ್ಗುತ್ತದೆ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಇದರಿಂದ ಸ್ವಲ್ಪ ಉಪಯೋಗ ಇದೆ ಅಂತ 2015ರ ಬ್ರಿಟನ್ನಿನ ಅಧ್ಯಯನ ಹೇಳಿದೆ. ಖರ್ಚು ಕಮ್ಮಿ, ತೊಂದರೆ ಇಲ್ಲ. ಮಗಳೂ ಖುಷಿಯಿಂದ ಊದಿದಳು.

ಆದರೂ ದ್ರವ ಹೋಗಲಿಲ್ಲ. ಮೂರು ತಿಂಗಳ ನಂತರವೂ ಗೆರೆ ಮಟ್ಟಸವಾಗಿಯೇ ಇತ್ತು. ಎರಡೂ ಕಿವಿ ಮಂದವಾಗಿಯೇ ಇದ್ದವು. ಆಗ ಇಎನ್‌ಟಿ ವೈದ್ಯರು ಗ್ರೊಮೆಟ್ ಅನ್ನುವ ಪುಟ್ಟ ಟ್ಯೂಬ್ ಹಾಕೋಣ, ಗೊರಕೆಯೂ ಇರುವುದರಿಂದ ಅಡಿನಾಯ್ಡ್ ಕೂಡ ತೆಗೆಯೋಣ ಅಂದರು.

"ತಮಟೆಗೆ ತೂತು ಮಾಡ್ತಾರಾ?" ಅಂತ ಮನೆಯಲ್ಲಿ ಎಲ್ಲರಿಗೂ ಗಾಬರಿ. ಗಾಬರಿ ಸಹಜವೇ. ತಮಟೆ ಹರಿದು ಕಿವುಡಾದ ಕಥೆಗಳನ್ನೇ ನಾವು ಕೇಳಿ ಬೆಳೆದವರು. ಟ್ಯೂಬ್ ಹಾಕುವುದು ದ್ರವ ಬಸಿದು ಹೋಗಲಿ ಅಂತಲೇ ನಾನೂ ತಿಳಿದಿದ್ದೆ. ವೈದ್ಯರು ಬಿಡಿಸಿ ಹೇಳಿದರು: ದ್ರವವನ್ನು ಆಪರೇಷನ್ ಹೊತ್ತಿನಲ್ಲೇ ಹೀರಿ ತೆಗೆಯುತ್ತೇವೆ, ಟ್ಯೂಬಿನ ನಿಜವಾದ ಕೆಲಸ ಒಳಗೆ ಗಾಳಿ ಬಿಡುವುದು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸುರಿಯುವುದಿಲ್ಲ, ಗಾಳಿಗೆ ಅಂತ ಇನ್ನೊಂದು ತೂತು ಮಾಡುತ್ತೇವಲ್ಲ, ಅದು ನೆನಪಾಯಿತು. ಯೂಸ್ಟೇಶಿಯನ್ ನಾಳ ಮಾಡದೇ ಬಿಟ್ಟ ಕೆಲಸವನ್ನು ಈ ಟ್ಯೂಬ್ ಹೊರಗಿನಿಂದ ಮಾಡಿಕೊಡುತ್ತದೆ. ನಾಳ ಬೆಳೆದು ಸರಿಯಾಗುವವರೆಗೆ ಸಮಯ ಕೊಡಿಸುತ್ತದೆ.

ಈ ಉಪಾಯದ ಹಿಂದೆ ಒಂದೂವರೆ ಶತಮಾನದ ಪರದಾಟ ಇದೆ. 1801ರಲ್ಲಿ ಲಂಡನ್ನಿನ ಆಸ್ಟ್ಲಿ ಕೂಪರ್ ಎಂಬ ಸರ್ಜನ್, ಯೂಸ್ಟೇಶಿಯನ್ ನಾಳ ಮುಚ್ಚಿ ಕಿವಿ ಮಂದವಾದವರ ತಮಟೆಗೆ ತೂತು ಮಾಡಿದರೆ ಕೇಳಿಸತೊಡಗುತ್ತದೆ ಅಂತ ಬರೆದ. ಆದರೆ ಮೈಗೆ ಆದ ಗಾಯ ಮಾಯುವ ಹಾಗೆ ತಮಟೆಯ ತೂತೂ ಬೇಗ ಕೂಡಿಕೊಳ್ಳುತ್ತದೆ. ಕೂಡಿಕೊಂಡರೆ ಮತ್ತೆ ಮೊದಲಿನಂತೆ. 19ನೇ ಶತಮಾನದಲ್ಲಿ ವಿಯೆನ್ನಾದ ಆಡಮ್ ಪೊಲಿಟ್ಜರ್ ತೂತಿನಲ್ಲಿ ರಬ್ಬರಿನ ಪುಟ್ಟ ಉಂಗುರ ಕೂರಿಸಿ ನೋಡಿದ. ಅದು ನಿಲ್ಲಲಿಲ್ಲ, ಉಪಾಯ ಮೂಲೆ ಸೇರಿತು. 1954ರಲ್ಲಿ ಅಮೆರಿಕದ ಬೆವರ್ಲಿ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯ ಪ್ಲಾಸ್ಟಿಕ್ಕಿನ ಟ್ಯೂಬ್ ಬಳಸಿ ಅದಕ್ಕೆ ಮತ್ತೆ ಜೀವ ಕೊಟ್ಟ. ಇವತ್ತಿನ ಸಿಲಿಕೋನ್, ಟೆಫ್ಲಾನ್, ಟೈಟಾನಿಯಂ ಟ್ಯೂಬ್‌ಗಳೆಲ್ಲ ಅಲ್ಲಿಂದ ಬಂದವು.

ಆಪರೇಷನ್ ದಿನ ಬೆಳಗ್ಗೆಯಿಂದ ಅವಳಿಗೆ ಏನೂ ಕೊಡುವಂತಿರಲಿಲ್ಲ. ಪೂರ್ತಿ ಅರಿವಳಿಕೆ ಕೊಡುತ್ತಾರೆ. ಹೊರಗೆ ಎಲ್ಲೂ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಕಿವಿ ತೂತಿನ ಮೂಲಕವೇ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ, ತಮಟೆಯಲ್ಲಿ ಒಂದೆರಡು ಮಿಲಿಮೀಟರ್ ಗೀರಿ, ದ್ರವ ಹೀರಿ, ಟ್ಯೂಬ್ ಕೂರಿಸುತ್ತಾರೆ. ಕಿವಿಯ ಕೆಲಸ ಹತ್ತು ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಅಡಿನಾಯ್ಡ್‌ಗೆ ಇನ್ನಷ್ಟು ಹೊತ್ತು. ಹೊರಗೆ ಕಾಯುವವರಿಗೆ ಅದು ಹದಿನೈದು ನಿಮಿಷ ಅನ್ನಿಸುವುದಿಲ್ಲ, ಆ ಮಾತು ಬೇರೆ.

ಮನೆಗೆ ಬಂದ ಮೇಲೆ ಅವಳಿಗೆ ಎಲ್ಲವೂ ಜೋರು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡಳು. ಮಿಕ್ಸಿ ಹಾಕಿದರೆ ಅತ್ತಳು. "ಅಮ್ಮ, ಮೆಲ್ಲಗೆ ಮಾತಾಡು" ಅಂದಳು. ಒಂದು ಸಂಜೆ ಗೋಡೆ ಮೇಲೆ ಹಲ್ಲಿ ಲೊಚಗುಟ್ಟಿತು. ನಮ್ಮತ್ತೆ ಅಭ್ಯಾಸದಂತೆ ನೆಲ ತಟ್ಟಿ "ಕೃಷ್ಣ ಕೃಷ್ಣ" ಅಂದರು. ಮಗಳು ಸುತ್ತ ನೋಡಿ, "ಅಜ್ಜಿ, ಅದೇನು ಸದ್ದು?" ಅಂತ ಕೇಳಿದಳು. ಅಜ್ಜಿ ನೆಲ ತಟ್ಟುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಯಾಕೆ ತಟ್ಟುತ್ತಾರೆ ಅಂತ ಅವತ್ತೇ ಗೊತ್ತಾಗಿದ್ದು. ನಮ್ಮತ್ತೆ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ಹಲ್ಲಿ ತೋರಿಸಿದರು. ನಾನು ಒಳಗೆ ಹೋಗಿ ಸ್ವಲ್ಪ ಅತ್ತೆ.

ಟ್ಯೂಬ್ ಹಾಕಿದ ಮಕ್ಕಳ ಸ್ನಾನದ ಬಗ್ಗೆ ಎಲ್ಲರೂ ಕೇಳುತ್ತಾರೆ. ತಲೆಗೆ ಮಾಮೂಲಿ ನೀರು ಹಾಕಿದರೆ ತೊಂದರೆ ಇಲ್ಲ. ಟ್ಯೂಬಿನ ರಂಧ್ರ ಸುಮಾರು ಒಂದು ಮಿಲಿಮೀಟರ್, ನೀರು ಸುಲಭವಾಗಿ ಅದನ್ನು ದಾಟುವುದಿಲ್ಲ. ಸೋಪು ನೀರು ಬೇಗ ದಾಟುತ್ತದೆ, ಅದರಲ್ಲಿ ಕಿವಿ ಮುಳುಗಿಸಬಾರದು. ಕೆರೆ, ಹೊಳೆಯಲ್ಲಿ ಮುಳುಗು ಹಾಕುವುದು, ಮೇಲಿಂದ ನೀರಿಗೆ ಹಾರುವುದು ಬೇಡ. ದೀಪಾವಳಿ ಎಣ್ಣೆ ಸ್ನಾನಕ್ಕೆ ನಮ್ಮತ್ತೆ ತಲೆಗೆ ಎಣ್ಣೆ ಒತ್ತಿದರು, ಕಿವಿಗೆ ಬಿಡಲಿಲ್ಲ. ನೆಗಡಿಯಾದಾಗ ಟ್ಯೂಬಿನಿಂದ ಕಿವಿ ಸೋರಬಹುದು. ಆಗ ಕುಡಿಯುವ ಆಂಟಿಬಯಾಟಿಕ್‌ಗಿಂತ ವೈದ್ಯರು ಬರೆದುಕೊಟ್ಟ ಕಿವಿ ಡ್ರಾಪ್ಸ್ ಒಳ್ಳೆಯದು. ಮನೆಯಲ್ಲಿ ಉಳಿದ ಹಳೆಯ ಡ್ರಾಪ್ಸ್ ಮಾತ್ರ ಬೇಡವೇ ಬೇಡ. ಜೆಂಟಾಮೈಸಿನ್‌ನಂಥ ಔಷಧಿ ತೂತು ದಾಟಿ ಒಳಗೆ ಹೋದರೆ ಒಳಗಿವಿಗೇ ಪೆಟ್ಟು ಬೀಳಬಹುದು.

ಎಣ್ಣೆ ವಿಷಯ ಬಂದಿತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಕಿವಿ ನೋವು ಅಂದರೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದು ನಮ್ಮ ಕಡೆ ತಲೆಮಾರುಗಳ ರೂಢಿ. ತಮಟೆ ಸರಿಯಿದೆಯೋ ತೂತಾಗಿದೆಯೋ ಹೊರಗಿನಿಂದ ನಮಗೆ ಕಾಣುವುದಿಲ್ಲ. ತೂತಿದ್ದರೆ ಆ ಎಣ್ಣೆ ನೇರ ಒಳಗೆ. ಇನ್ನು ಗುಗ್ಗೆ. ಕಿವಿಯ ಚರ್ಮ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಸರಿಯುತ್ತಲೇ ಇರುತ್ತದೆ, ಗುಗ್ಗೆಯನ್ನೂ ತಾನೇ ಹೊರಗೆ ತರುತ್ತದೆ. ಬಡ್ಸ್, ಬೆಂಕಿಕಡ್ಡಿ, ಹೇರ್‌ಪಿನ್ ಹಾಕಿದರೆ ಹೊರಗೆ ಬರುತ್ತಿದ್ದುದನ್ನು ನಾವೇ ಒಳಕ್ಕೆ ತಳ್ಳಿದಂತೆ. ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕಡ್ಡಿ ಹಿಡಿದು ಕಿವಿ ಕ್ಲೀನ್ ಮಾಡುವವರ ಮುಂದೆ ದಯವಿಟ್ಟು ಕೂರಬೇಡಿ.

ಗ್ಲೂ ಇಯರ್ ಬೇರೆ, ರಾತ್ರಿ ಇದ್ದಕ್ಕಿದ್ದಂತೆ ಮಗು ಕಿವಿ ಹಿಡಿದುಕೊಂಡು ಅಳುವ ಸೋಂಕು ಬೇರೆ. ಅದರಲ್ಲಿ ನೋವು, ಜ್ವರ ಇರುತ್ತವೆ. ಪ್ಯಾರಸಿಟಮಾಲ್ ಕೊಟ್ಟು ನೋವು ಇಳಿಸುವುದು ಮೊದಲ ಕೆಲಸ. ಎಷ್ಟೋ ಮಕ್ಕಳಿಗೆ ಎರಡು ಮೂರು ದಿನದಲ್ಲಿ ತಾನಾಗಿ ವಾಸಿಯಾಗುತ್ತದೆ. ಎಳೆಯ ಮಕ್ಕಳಿಗೆ, ಜೋರು ಜ್ವರ ಇದ್ದರೆ, ಕಿವಿ ಸೋರಿದರೆ, ವೈದ್ಯರು ಆಂಟಿಬಯಾಟಿಕ್ ಕೊಡುತ್ತಾರೆ. ಇಂಥ ಸೋಂಕು ಪದೇ ಪದೇ ಬರುವ ಪುಟ್ಟ ಮಕ್ಕಳಿಗೂ ಟ್ಯೂಬ್ ಹಾಕುವುದುಂಟು. ಆದರೆ 2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಟ್ಯೂಬ್ ಹಾಕಿದ ಮಕ್ಕಳಿಗೂ ಔಷಧಿಯಲ್ಲೇ ನೋಡಿಕೊಂಡ ಮಕ್ಕಳಿಗೂ ಮುಂದಿನ ಎರಡು ವರ್ಷ ಸೋಂಕು ಬಂದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಾಗಾಗಿ ಟ್ಯೂಬ್ ಅಂದ ಕೂಡಲೇ ಒಪ್ಪುವುದಕ್ಕಿಂತ, ಯಾತಕ್ಕೆ, ಶ್ರವಣ ಪರೀಕ್ಷೆಯಲ್ಲಿ ಏನು ಬಂದಿದೆ, ಕಾದರೆ ಏನಾಗುತ್ತದೆ ಅಂತ ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಇನ್ನೂ ಜಾಸ್ತಿ ಕಾಣುವುದು ಸೋರುವ ಕಿವಿ. ತಮಟೆಯ ತೂತು ಕೂಡಿಕೊಳ್ಳದೆ, ವಾರಗಟ್ಟಲೆ, ವರ್ಷಗಟ್ಟಲೆ ಕೀವು ಬರುತ್ತದೆ. ನೋವು ಇರುವುದಿಲ್ಲ, ಹಾಗಾಗಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. "ಅವನಿಗೆ ಚಿಕ್ಕಂದಿನಿಂದ ಕಿವಿ ಸೋರುತ್ತೆ" ಅಂತ ಸಲೀಸಾಗಿ ಹೇಳಿಬಿಡುತ್ತೇವೆ. ಕೀವಿಗೆ ಕೆಟ್ಟ ವಾಸನೆ ಇದ್ದರಂತೂ ಒಂದು ದಿನವೂ ತಡ ಮಾಡಬಾರದು. ಒಳಗೆ ಚರ್ಮ ಬೆಳೆದು ಗಂಟುಕಟ್ಟಿ, ಮೂಳೆಯನ್ನೇ ತಿನ್ನುತ್ತಿರಬಹುದು. ಅದು ಮಿದುಳಿನವರೆಗೂ ಹೋಗಬಲ್ಲದು. ಜಿಲ್ಲಾ ಆಸ್ಪತ್ರೆಗಳಲ್ಲಿ ಇಎನ್‌ಟಿ ವಿಭಾಗ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ಮಕ್ಕಳನ್ನು ನೋಡುತ್ತವೆ. ಅವರ ಪಟ್ಟಿಯಲ್ಲಿ ಮಂದ ಕಿವಿಯೂ ಇದೆ, ಕಿವಿಯ ಸೋಂಕೂ ಇದೆ. ತಂಡ ಬಂದ ದಿನ ಮಗುವನ್ನು ತಪ್ಪಿಸದೆ ಶಾಲೆಗೆ ಕಳಿಸಿ. ಅನುಮಾನ ಇದ್ದರೆ ಬಾಯಿ ಬಿಟ್ಟು ಹೇಳಿ, ಯಾಕೆಂದರೆ ಒಂದು ನಿಮಿಷದ ತಪಾಸಣೆಯಲ್ಲಿ ಗ್ಲೂ ಇಯರ್ ಕಣ್ತಪ್ಪುವುದು ಸುಲಭ.

ಮಗಳ ಎಡಗಿವಿಯ ಟ್ಯೂಬ್ ವರ್ಷ ತುಂಬುವ ಹೊತ್ತಿಗೆ ತಾನಾಗಿ ಹೊರಬಂತು. ಗುಗ್ಗೆಯನ್ನು ಹೊರಗೆ ತರುವ ಅದೇ ಚರ್ಮದ ಸರಿಯುವಿಕೆ ಟ್ಯೂಬನ್ನೂ ಹೊರಗೆ ತಳ್ಳುತ್ತದೆ. ಸಾಮಾನ್ಯವಾಗಿ 6ರಿಂದ 18 ತಿಂಗಳೊಳಗೆ ಇದು ಆಗುತ್ತದೆ. ತೂತು ಕೂಡಿಕೊಂಡಿದೆ, ತಮಟೆ ಮೇಲೆ ಒಂದು ಬಿಳಿ ಮಚ್ಚೆ ಉಳಿದಿದೆ, ಅದರಿಂದ ತೊಂದರೆ ಇಲ್ಲ ಅಂದರು. ಕೆಲವೇ ಮಕ್ಕಳಲ್ಲಿ ತೂತು ಕೂಡಿಕೊಳ್ಳದೆ ಉಳಿಯುವುದುಂಟು, ಕೆಲವರಿಗೆ ದ್ರವ ಮತ್ತೆ ತುಂಬಿ ಎರಡನೇ ಸಲ ಟ್ಯೂಬ್ ಬೇಕಾಗುವುದೂ ಉಂಟು. ಅವಳ ಬಲಗಿವಿಯ ಟ್ಯೂಬ್ ಇನ್ನೂ ಇದೆ. ನೆಗಡಿ ಬಂದು ಹೋದ ಮೇಲೆ ನಮ್ಮತ್ತೆ ಅವಳ ಬೆನ್ನ ಹಿಂದೆ ನಿಂತು, ಮೆಲ್ಲನೆ, "ಕಡಲೆಮಿಠಾಯಿ ಬೇಕಾ?" ಅಂತ ಕೇಳುತ್ತಾರೆ. ಇದುವರೆಗೆ ಪ್ರತಿ ಸಲವೂ ಕೊಡಬೇಕಾಗಿ ಬಂದಿದೆ.